ತಗ್ಗಿದ ಕಾರು, ತಗ್ಗದ ಸುಖ

ಚಳಿಗಾಲ ಮುಗಿದು ರಸ್ತೆಯ ಮೇಲಿನ ಉಪ್ಪು ಮಳೆಯಲ್ಲಿ ತೊಳೆದುಹೋದ ಮೇಲೆ ಫಾರ್ಮಿಂಗ್ಟನ್ ಹಿಲ್ಸ್‌ನ ಗರಾಜುಗಳಿಂದ ಸ್ಪೋರ್ಟ್ಸ್ ಕಾರುಗಳು ಒಂದೊಂದಾಗಿ ಹೊರಬರುತ್ತವೆ. ನಮ್ಮ ಸದಸ್ಯ ಕುಟುಂಬಗಳಲ್ಲಿಯೂ ಅಂತಹ ಕಾರುಗಳುಂಟು. ಅವುಗಳೊಡನೆ ಒಂದು ಚರ್ಚೆಯೂ ಹೊರಬರುತ್ತದೆ. ಕಾರನ್ನು ಇನ್ನೂ ಒಂದೂವರೆ ಇಂಚು ತಗ್ಗಿಸಿದರೆ ಎಷ್ಟು ಚೆನ್ನ ಎಂದು ಮಕ್ಕಳು ಹೇಳುತ್ತಾರೆ. ಬೇಸಿಗೆಗೆ ಊರಿನಿಂದ ಬರುವ ಅಜ್ಜ ಅಜ್ಜಿಯರ ಬೆನ್ನಿನ ಗತಿಯೇನು ಎಂದು ಹಿರಿಯರು ಕೇಳುತ್ತಾರೆ. ಮನೆಯಲ್ಲೊಬ್ಬ ವಾಹನ ಎಂಜಿನಿಯರ್ ಇದ್ದರಂತೂ, ನಮ್ಮೂರಿನಲ್ಲಿ ಆ ಸಂಭವವೇ ಹೆಚ್ಚು, ಊಟದ ಮೇಜಿನ ಮೇಲೆ ಕಾಗದ ಪೆನ್ಸಿಲ್ಲುಗಳು ಬರುತ್ತವೆ.

1973ರಲ್ಲಿ ನಗರವಾಗಿ ರೂಪುಗೊಂಡ ನಮ್ಮ ಊರು ಇಂತಹ ಚರ್ಚೆಗೆ ತಕ್ಕ ಸ್ಥಳವೇ ಸರಿ. 1991ರಿಂದ ನಿಸಾನ್ ಕಂಪನಿಯ ಉತ್ತರ ಅಮೆರಿಕದ ತಾಂತ್ರಿಕ ಕೇಂದ್ರ ಇಲ್ಲಿದೆ. ಬಾಷ್‌ನ ಈ ಖಂಡದ ಕೇಂದ್ರ ಕಚೇರಿಯೂ ಇಲ್ಲಿಯೇ. ಪಶ್ಚಿಮೋತ್ತರಕ್ಕೆ ಸ್ವಲ್ಪ ದೂರ ಸಾಗಿದರೆ ಜನರಲ್ ಮೋಟಾರ್ಸ್ 1924ರಲ್ಲಿ ತೆರೆದ ಮಿಲ್ಫರ್ಡ್ ಪರೀಕ್ಷಾ ಮೈದಾನ; ಪೂರ್ವಕ್ಕೆ, ಮೊದಲ ಒಂದು ಮೈಲಿ ಕಾಂಕ್ರೀಟ್ ರಸ್ತೆಯನ್ನು 1909ರಲ್ಲಿ ಕಂಡ ವುಡ್‌ವರ್ಡ್ ಅವೆನ್ಯೂ. ಕಾರು ತಗ್ಗಾಗಿಯೂ ಇರಬೇಕು, ಕೂತವರಿಗೆ ಸುಖವಾಗಿಯೂ ಇರಬೇಕು ಎಂಬ ಆಸೆಗೆ ಈ ಪ್ರದೇಶದಲ್ಲಿ ತೊಂಬತ್ತು ವರ್ಷಗಳ ಇತಿಹಾಸವಿದೆ. ಆ ಇತಿಹಾಸವನ್ನು ಅರಿತರೆ ಊಟದ ಮೇಜಿನ ವಾದ ನಿಲ್ಲುವುದೆಂದು ನಾವು ಹೇಳಲಾರೆವು. ವಾದ ಎಲ್ಲಿ ನಡೆಯಬೇಕೋ ಅಲ್ಲಿ ನಡೆದೀತು.

ಮೊದಲು ಸುಖವೆಂದರೇನು ಎಂಬುದನ್ನು ನೋಡೋಣ. ಕಾರಿನ ಭಾರ ಸ್ಪ್ರಿಂಗಿನ ಮೇಲೆ ಕುಳಿತಾಗ ಸ್ಪ್ರಿಂಗ್ ಎಷ್ಟು ಕುಗ್ಗುತ್ತದೆಯೋ ಅದರ ಮೇಲೆ ಆ ಕಾರು ಸೆಕೆಂಡಿಗೆ ಎಷ್ಟು ಬಾರಿ ಏರಿಳಿಯುತ್ತದೆ ಎಂಬುದು ನಿರ್ಧಾರವಾಗುತ್ತದೆ. ಸುಮಾರು 25 ಸೆಂಟಿಮೀಟರ್ ಕುಗ್ಗಿದರೆ ಸೆಕೆಂಡಿಗೆ ಒಂದು ಬಾರಿ. 11 ಸೆಂಟಿಮೀಟರ್ ಆದರೆ ಒಂದೂವರೆ ಬಾರಿ. ಸುಮಾರು 6 ಸೆಂಟಿಮೀಟರ್ ಮಾತ್ರವಾದರೆ ಎರಡು ಬಾರಿ. ನಾವು ನಡೆಯುವಾಗ ನಮ್ಮ ದೇಹವೂ ಸೆಕೆಂಡಿಗೆ ಒಂದೆರಡು ಬಾರಿ ಏರಿಳಿಯುತ್ತದೆ. ಹುಟ್ಟಿದಂದಿನಿಂದ ಅಭ್ಯಾಸವಾದ ಆ ಲಯ ನಮ್ಮನ್ನು ಕಾಡುವುದಿಲ್ಲ. ಸೆಕೆಂಡಿಗೆ ನಾಲ್ಕರಿಂದ ಎಂಟು ಬಾರಿಯ ಕುಲುಕಾಟಕ್ಕೆ ಮಾತ್ರ ಕುಳಿತ ಮನುಷ್ಯನ ಶರೀರ ಬಹಳ ಬೇಗ ದಣಿಯುತ್ತದೆ. ಸ್ಪ್ರಿಂಗ್ ಇಲ್ಲದ ಎತ್ತಿನ ಗಾಡಿಯಲ್ಲಿ ಜಾತ್ರೆಗೆ ಹೋಗಿ ಬಂದ ಹಿರಿಯರಿಗೆ ಇದನ್ನು ಅಂಕಿಗಳಲ್ಲಿ ಹೇಳಬೇಕಾಗಿಲ್ಲ. ಮೈಸೂರಿನ ಜಟಕಾ ಗಾಡಿ ಅದಕ್ಕಿಂತ ಮೇಲೆಂದು ಅವರು ಹೇಳುವುದಕ್ಕೆ ಕಾರಣ ಅದರ ಅಚ್ಚಿನ ಮೇಲಿದ್ದ ಬಾಗಿದ ಉಕ್ಕಿನ ಪಟ್ಟಿಗಳು.

ಈ ಅನುಭವವನ್ನು ಅಳತೆಗೆ ತಂದವರು ಮಾರಿಸ್ ಆಲೀ. ಬ್ರಿಟನ್ನಿನ ರೋಲ್ಸ್ ರಾಯ್ಸ್‌ನಲ್ಲಿ ಹೆನ್ರಿ ರಾಯ್ಸ್ ಅವರ ಕೈಕೆಳಗೆ ಪಳಗಿ, ಆ ಕಂಪನಿಯ ಅಮೆರಿಕದ ಶಾಖೆಗೆಂದು ಬಂದು, 1930ರಲ್ಲಿ ಡೆಟ್ರಾಯಿಟಿನ ಕ್ಯಾಡಿಲಾಕ್ ಸೇರಿದ ಎಂಜಿನಿಯರ್ ಇವರು. ಅಂದಿನ ಕಾರುಗಳಲ್ಲಿ ಎರಡು ಮುಂಚಕ್ರಗಳಿಗೂ ಒಂದೇ ಗಟ್ಟಿ ಅಚ್ಚು. ಮುಂದಿನ ಸ್ಪ್ರಿಂಗುಗಳು ಗಡುಸು, ಹಿಂದಿನವು ಮೃದು. ಉಬ್ಬೊಂದನ್ನು ದಾಟಿದರೆ ಕಾರು ಮುಂದೆ ಹಿಂದೆ ತೂಗಾಡುತ್ತಿತ್ತು; ಹಿಂದಿನ ಸೀಟಿನವರು ಎಸೆಯಲ್ಪಡುತ್ತಿದ್ದರು. ಆಲೀ 1932ರ ಸುಮಾರಿಗೆ ಏಳು ಜನ ಕೂರುವ ದೊಡ್ಡ ಲಿಮೊಸಿನ್ ಒಂದಕ್ಕೆ ಮುಂದೆ ಹಿಂದೆ ಚಾಚಿದ ತೋಳುಗಳನ್ನು ಕಟ್ಟಿ, ಅವುಗಳ ಮೇಲೆ ತೂಕದ ಬೊಟ್ಟುಗಳನ್ನು ಅತ್ತಿತ್ತ ಸರಿಸುತ್ತ, ಸ್ಪ್ರಿಂಗುಗಳನ್ನು ಬದಲಿಸುತ್ತ, ಕೂತವರನ್ನು ‘ಈಗ ಹೇಗಿದೆ’ ಎಂದು ಕೇಳುತ್ತ ಹೋದರು. ನೋಡಲು ಅದು ಸರ್ಕಸ್ಸಿನ ಗಾಡಿಯಂತಿದ್ದಿರಬೇಕು. ಆದರೆ ಆ ಪ್ರಯೋಗದಿಂದ ಹೊರಟ ಸೂತ್ರ ಇಂದಿಗೂ ನಿಂತಿದೆ: ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಮೃದುವಾಗಿರಬೇಕು, ಸುಮಾರು ಶೇ. 30ರಷ್ಟು. ಉಬ್ಬು ಮೊದಲು ಮುಂಚಕ್ರಕ್ಕೆ, ಅನಂತರ ಹಿಂಚಕ್ರಕ್ಕೆ ತಗಲುತ್ತದೆ. ತಡವಾಗಿ ಏಟು ತಿಂದ ಹಿಂಭಾಗ ತುಸು ಬೇಗಬೇಗ ಏರಿಳಿದರೆ ಮುಂಭಾಗದ ಲಯವನ್ನು ಹಿಡಿದುಬಿಡುತ್ತದೆ. ಆಗ ಕಾರು ತೂಗಾಡದೆ ಸಮತಟ್ಟಾಗಿ ಏರಿ ಇಳಿಯುತ್ತದೆ.

ಮುಂದಿನ ಸ್ಪ್ರಿಂಗುಗಳನ್ನು ಹಾಗೆ ಮೃದುವಾಗಿಸಲು ಗಟ್ಟಿ ಅಚ್ಚು ಬಿಡಲಿಲ್ಲ, ಸ್ಟಿಯರಿಂಗ್ ಅದುರತೊಡಗಿತು. ಆದ್ದರಿಂದ ಅಚ್ಚನ್ನೇ ತೆಗೆದು ಪ್ರತಿ ಮುಂಚಕ್ರಕ್ಕೂ ಬೇರೆ ಬೇರೆ ತೋಳುಗಳನ್ನು ಕೊಡಬೇಕಾಯಿತು. 1934ರ ಜನರಲ್ ಮೋಟಾರ್ಸ್ ಕಾರುಗಳು ಈ ಸ್ವತಂತ್ರ ಮುಂಚಕ್ರ ವ್ಯವಸ್ಥೆಯೊಡನೆ ಮಾರುಕಟ್ಟೆಗೆ ಬಂದವು. ಇಲ್ಲೊಂದು ಮಾತು. ಅದರ ಮರುವರ್ಷ, 1935ರಲ್ಲಿ, ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು ಮತ್ತು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಸಂದರ್ಶಿಸಿ, ಭಾರತದಲ್ಲಿಯೇ ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಅವರೊಡನೆ ಆ ಕನಸು ಕಂಡ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿ ಡೆಟ್ರಾಯಿಟಿನ ಕ್ರೈಸ್ಲರ್ ಜೊತೆ ಕೈಜೋಡಿಸಿದರು. ಅದೇ ಪ್ರೀಮಿಯರ್ ಮುಂದೆ ತಯಾರಿಸಿದ ಫಿಯೆಟ್ ಕಾರಿನ, ಎಂದರೆ ಪದ್ಮಿನಿಯ, ಮುಂಚಕ್ರಗಳು ಸ್ವತಂತ್ರವಾಗಿಯೇ ಇದ್ದವು, ಹಿಂದೆ ಮಾತ್ರ ಹಳೆಯ ಲೀಫ್ ಸ್ಪ್ರಿಂಗ್. ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಆ ಕಾರಿನಲ್ಲಿ ಹೋದವರಿಗೆ ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ಇದ್ದ ವ್ಯತ್ಯಾಸ ನೆನಪಿರಬಹುದು.

ಈಗ ತಗ್ಗಿಸುವ ವಿಷಯ. ಉಬ್ಬು ಎದುರಾದಾಗ ಚಕ್ರ ಮೇಲೆ ಸರಿಯಲು ಒಂದಿಷ್ಟು ಜಾಗ ಬೇಕು. ಆ ಜಾಗ ಮುಗಿದರೆ ಬಂಪ್ ಸ್ಟಾಪ್ ಎಂಬ ರಬ್ಬರಿನ ಮುದ್ದೆಗೆ ತಗಲಿ ಏಟು ನೇರವಾಗಿ ಕಾರಿನ ಒಡಲಿಗೆ ಬೀಳುತ್ತದೆ. ಚಕ್ರಕ್ಕೆ ಮೇಲ್ಮುಖವಾಗಿ 8 ಸೆಂಟಿಮೀಟರ್ ಜಾಗವಿದೆ ಎಂದು ಭಾವಿಸೋಣ. ಕಾರನ್ನು 4 ಸೆಂಟಿಮೀಟರ್ ತಗ್ಗಿಸಿದರೆ ಉಳಿಯುವುದು ಅರ್ಧ. ಅದೇ ಏಟನ್ನು ಅರ್ಧ ದಾರಿಯಲ್ಲಿ ನುಂಗಬೇಕಾದರೆ ಸ್ಪ್ರಿಂಗ್ ಎರಡು ಪಟ್ಟು ಗಡುಸಾದರೆ ಸಾಲದು, ನಾಲ್ಕು ಪಟ್ಟು ಆಗಬೇಕು; ಏಕೆಂದರೆ ಸ್ಪ್ರಿಂಗ್ ಹೀರುವ ಶಕ್ತಿ ಅದು ಕುಗ್ಗಿದ ದೂರದ ವರ್ಗವನ್ನು ಅವಲಂಬಿಸಿದೆ. ನಾಲ್ಕು ಪಟ್ಟು ಗಡುಸಾದ ಸ್ಪ್ರಿಂಗಿನ ಮೇಲೆ ಕಾರು ಏರಿಳಿಯುವ ವೇಗ ಇಮ್ಮಡಿಯಾಗುತ್ತದೆ. ಮೊದಲ ಒಂದು ಸೆಂಟಿಮೀಟರ್ ಅಗ್ಗ, ಕೊನೆಯದು ಬಲು ದುಬಾರಿ. ಸ್ಪ್ರಿಂಗಿನ ಸುತ್ತುಗಳನ್ನು ಗರಗಸದಿಂದ ಕತ್ತರಿಸಿ ಕಾರನ್ನು ತಗ್ಗಿಸುವ ಹಳೆಯ ಪದ್ಧತಿ ನಮಗೆ ಒಪ್ಪಿಗೆಯಾಗದಿರುವುದು ಇದಕ್ಕಾಗಿಯೇ. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ತುಸು ಗಡುಸಾಗುವುದು ನಿಜ, ಆದರೆ ಕಳೆದುಹೋದ ಜಾಗವನ್ನು ಸರಿದೂಗಿಸುವಷ್ಟಲ್ಲ. ಕಾರು ಹೆಚ್ಚು ಕಾಲ ರಬ್ಬರಿನ ಮೇಲೆಯೇ ಓಡುತ್ತದೆ.

ಹಾಗಾದರೆ ಡೆಟ್ರಾಯಿಟಿನವರು ತಗ್ಗಿನ ಕಾರುಗಳನ್ನು ಮಾಡಿದ್ದು ಹೇಗೆ? ಚಕ್ರದ ಜಾಗವನ್ನು ಕದಿಯದೆ, ಬೇರೆ ಕಡೆಯಿಂದ ಇಂಚುಗಳನ್ನು ಹುಡುಕಿ ತಂದರು. 1926ರಲ್ಲಿ ಪ್ಯಾಕರ್ಡ್ ಕಂಪನಿ ಹೈಪಾಯ್ಡ್ ಎಂಬ ಗಿಯರನ್ನು ಹಿಂದಿನ ಅಚ್ಚಿನಲ್ಲಿ ಬಳಸಿತು. ಎಂಜಿನ್ನಿನಿಂದ ಹಿಂದಕ್ಕೆ ಬರುವ ಉದ್ದದ ಷಾಫ್ಟ್ ಅದುವರೆಗೆ ಅಚ್ಚಿನ ನಡುಮಧ್ಯಕ್ಕೆ ಸೇರುತ್ತಿತ್ತು. ಹೈಪಾಯ್ಡ್ ಬಂದ ಮೇಲೆ ಅದಕ್ಕಿಂತ ಕೆಳಗೆ ಸೇರತೊಡಗಿತು. ಷಾಫ್ಟ್ ಇಳಿದಂತೆ ನೆಲಹಾಸು ಇಳಿಯಿತು, ನೆಲಹಾಸು ಇಳಿದಂತೆ ಸೀಟು, ಸೀಟಿನೊಡನೆ ಚಾವಣಿ. ಜನರಲ್ ಮೋಟಾರ್ಸ್‌ನ ವಿನ್ಯಾಸ ವಿಭಾಗವನ್ನು ಮೂವತ್ತು ವರ್ಷಗಳ ಕಾಲ ಆಳಿದ ಹಾರ್ಲೀ ಅರ್ಲ್, ಅಮೆರಿಕದ ಕಾರನ್ನು ಉದ್ದವಾಗಿಸುವುದು ಮತ್ತು ತಗ್ಗಿಸುವುದೇ ತಮ್ಮ ಗುರಿಯಾಗಿತ್ತೆಂದು ತಾವೇ ಹೇಳಿಕೊಂಡಿದ್ದಾರೆ.

ಈ ದಾರಿಯಲ್ಲಿ ಎಲ್ಲರಿಗಿಂತ ಧೈರ್ಯದ ಹೆಜ್ಜೆ ಹಡ್ಸನ್ ಕಂಪನಿಯದು. ಡೆಟ್ರಾಯಿಟಿನ ಜೆಫರ್ಸನ್ ಅವೆನ್ಯೂವಿನಲ್ಲಿದ್ದ ಈ ಕಾರ್ಖಾನೆ 1948ರ ಮಾದರಿಯಲ್ಲಿ, ಫ್ರಾಂಕ್ ಸ್ಪ್ರಿಂಗ್ ಅವರ ವಿನ್ಯಾಸದಂತೆ (ಹೆಸರೇ ಸ್ಪ್ರಿಂಗ್!), ಕಾರಿನ ನೆಲವನ್ನು ಚೌಕಟ್ಟಿನ ಮೇಲೆ ಹಾಸುವ ಬದಲು ಚೌಕಟ್ಟಿನ ತೊಲೆಗಳ ನಡುವೆ ತಗ್ಗಿನಲ್ಲಿ ಇರಿಸಿತು. ಕಾರಿನೊಳಗೆ ಹತ್ತುವುದರ ಬದಲು ಮೆಟ್ಟಿಲಿಳಿದಂತೆ ಕೆಳಗೆ ಕಾಲಿಡಬೇಕಿತ್ತು. ಆದ್ದರಿಂದಲೇ ಅದಕ್ಕೆ ‘ಸ್ಟೆಪ್ ಡೌನ್’ ಎಂಬ ಹೆಸರು. ಹಳೆಯ ತೊಟ್ಟಿ ಮನೆಯ ಅಂಗಳಕ್ಕೆ ಜಗಲಿಯಿಂದ ಇಳಿದ ಹಾಗೆ ಎಂದು ನಮ್ಮ ಓದುಗರಿಗೆ ಹೇಳಬಹುದು. ಸ್ಪ್ರಿಂಗುಗಳ ಜಾಗ ಹಾಗೆಯೇ ಉಳಿದಿತ್ತು. ಇಳಿದದ್ದು ಒಡಲು ಮತ್ತು ಅದರೊಡನೆ ಗುರುತ್ವ ಕೇಂದ್ರ. ಕುಟುಂಬದೊಡನೆ ಸುಖವಾಗಿ ಪಯಣಿಸಬಹುದಾದ ಆ ಭಾರದ ಕಾರು 1950ರ ದಶಕದ ಆರಂಭದ ನಾಸ್ಕಾರ್ ಪಂದ್ಯಗಳಲ್ಲಿ ಗೆಲ್ಲುತ್ತಲೇ ಹೋಯಿತು. ನಮ್ಮ ಮಕ್ಕಳಿಗೆ ‘ಕಾರ್ಸ್’ ಚಲನಚಿತ್ರದ ಹಿರಿಯ ಡಾಕ್ ಹಡ್ಸನ್ ಗೊತ್ತು. ಆತ ಇದೇ ವಂಶದ ಹಾರ್ನೆಟ್. ತಗ್ಗಿನ ಕಾರಿನ ಇತಿಹಾಸದಲ್ಲಿ ಸ್ಪೋರ್ಟ್ಸ್ ಕಾರುಗಳಿಗಿಂತ ಈ ಹಡ್ಸನ್ನಿಗೆ ಮೇಲಿನ ಸ್ಥಾನ ಕೊಡಬೇಕೆಂಬುದು ನಮ್ಮ ಅಭಿಪ್ರಾಯ.

ಸ್ಪೋರ್ಟ್ಸ್ ಕಾರಿನ ಮಾತಿಗೆ ಬಂದರೆ ಮತ್ತೆ ಆಲೀ ಅವರೇ ಎದುರಾಗುತ್ತಾರೆ. ಲಿಮೊಸಿನ್ನಿನಲ್ಲಿ ಕೂತವರ ಸುಖವನ್ನು ಅಳೆದ ಅದೇ ವ್ಯಕ್ತಿ, ಇಪ್ಪತ್ತು ವರ್ಷಗಳ ಅನಂತರ ಶೆವ್ರೊಲೆಯಲ್ಲಿದ್ದಾಗ, ಮೊದಲ ಕಾರ್ವೆಟ್‌ನ ಚಾಸಿಯನ್ನು ರೂಪಿಸಿದರು. 1953ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡ ಆ ಕಾರಿನ ಮೊದಲ 300 ಪ್ರತಿಗಳು ಮಿಶಿಗನ್ನಿನ ಫ್ಲಿಂಟ್‌ನಲ್ಲಿಯೇ ತಯಾರಾದವು. ಎಂಜಿನ್ನನ್ನು ಕೆಳಗಿಳಿಸಿ ಹಿಂದಕ್ಕೆ ಸರಿಸಿದ್ದರು. ಮುಂಚಕ್ರಗಳ ಭಾಗಗಳು ಬಹುಪಾಲು ಶೆವ್ರೊಲೆಯ ಸಾಮಾನ್ಯ ಕುಟುಂಬದ ಕಾರಿನವೇ. ಆ ಪ್ರದರ್ಶನದಲ್ಲಿ ಕಾರ್ವೆಟ್ಟನ್ನು ನೋಡಿ ಮನಸೋತ ಜೋರಾ ಆರ್ಕಸ್ ಡುಂಟೊವ್ ಕಂಪನಿಗೆ ಪತ್ರ ಬರೆದು, ಅದೇ ವರ್ಷದ ಮೇ ತಿಂಗಳಿನಲ್ಲಿ ಕೆಲಸಕ್ಕೆ ಸೇರಿದರು. ಬ್ರಸೆಲ್ಸ್‌ನಲ್ಲಿ ರಷ್ಯನ್ ತಂದೆತಾಯಿಗಳಿಗೆ ಜನಿಸಿ, ಬರ್ಲಿನ್ನಿನಲ್ಲಿ ಓದಿ, ಯುದ್ಧಕಾಲದಲ್ಲಿ ಫ್ರಾನ್ಸಿನಿಂದ ಪಾರಾಗಿ ಅಮೆರಿಕ ತಲುಪಿದ ಇವರ ಇಂಗ್ಲಿಷಿನ ಉಚ್ಚಾರಣೆ ಕೊನೆಯವರೆಗೂ ಪರದೇಶಿಯದಾಗಿಯೇ ಉಳಿಯಿತು. ಅಮೆರಿಕದ ಅತ್ಯಂತ ಅಮೆರಿಕನ್ ಕಾರನ್ನು ಅವರು ರೂಪಿಸಿದರು.

1963ರ ಕಾರ್ವೆಟ್‌ನಲ್ಲಿ ಡುಂಟೊವ್ ಹಿಂದಿನ ಗಟ್ಟಿ ಅಚ್ಚನ್ನೂ ತೆಗೆದುಹಾಕಿದರು. ಸ್ವತಂತ್ರವಾದ ಎರಡು ಹಿಂಚಕ್ರಗಳಿಗೂ ಸೇರಿ ಕಾರಿನ ಅಡಿಯಲ್ಲಿ ಅಡ್ಡಲಾಗಿ ಒಂದೇ ಒಂದು ಲೀಫ್ ಸ್ಪ್ರಿಂಗ್, ಒಂಬತ್ತು ಪಟ್ಟಿಗಳದು. ಸುರುಳಿ ಸ್ಪ್ರಿಂಗಿಗೆ ನಿಲ್ಲಲು ಎತ್ತರ ಬೇಕು. ಅಡ್ಡ ಮಲಗಿದ ಪಟ್ಟಿಗೆ ಬೇಡ. ಜಟಕಾ ಗಾಡಿಯ ಕಾಲದ ವಸ್ತುವೆಂದು ಹೀಗಳೆದವರಿಗೆ ಇದರ ಜಾಣ್ಮೆ ಕಾಣಲಿಲ್ಲ. 1981ರಲ್ಲಿ ಕೆಲವು ಕಾರ್ವೆಟ್‌ಗಳ ಈ ಉಕ್ಕಿನ ಪಟ್ಟಿಗಳ ಜಾಗಕ್ಕೆ ಫೈಬರ್‌ಗ್ಲಾಸಿನ ಒಂದೇ ಪಟ್ಟಿ ಬಂದಿತು. ತೂಕ ಸುಮಾರು ಐದನೆಯ ಒಂದು ಭಾಗಕ್ಕೆ ಇಳಿಯಿತು. ಚಕ್ರದೊಡನೆ ಏರಿಳಿಯುವ ಭಾಗಗಳು ಹಗುರವಾದಷ್ಟೂ ಚಕ್ರ ರಸ್ತೆಯನ್ನು ಬಿಡದೆ ಹಿಂಬಾಲಿಸುತ್ತದೆ, ಒಡಲಿಗೆ ಏಟು ಕಡಿಮೆ. ಇಂಗ್ಲೆಂಡಿನಲ್ಲಿ ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ ಅದೇ ಕಾಲದಲ್ಲಿ ಹಗುರವಾದ ಕಾರಿಗೆ ಮೃದು ಸ್ಪ್ರಿಂಗ್ ಕೊಟ್ಟು 1962ರ ಎಲಾನ್ ಮಾಡಿದ್ದರು. ತಗ್ಗಾದ ಕಾರು ಗಡುಸಾಗಿಯೇ ಇರಬೇಕೆಂಬ ನಂಬಿಕೆಗೆ ಅದೊಂದು ಉತ್ತರ.

ಸೋಲುಗಳನ್ನೂ ಹೇಳದಿದ್ದರೆ ಇತಿಹಾಸ ಪೂರ್ಣವಾಗದು. 1957-58ರಲ್ಲಿ ಕ್ಯಾಡಿಲಾಕ್ ಮೊದಲಾದ ಕಾರುಗಳಿಗೆ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿಯ ಚೀಲಗಳು ಬಂದವು. ಅವು ಸೋರಿದವು, ಬೆಳಗ್ಗೆ ಎದ್ದು ನೋಡಿದರೆ ಕಾರು ನೆಲಕ್ಕೆ ಕುಳಿತಿರುತ್ತಿತ್ತು, ಅನೇಕ ಮಾಲೀಕರು ಮತ್ತೆ ಉಕ್ಕಿಗೇ ಮರಳಿದರು. 1955ರಲ್ಲಿ ಪ್ಯಾಕರ್ಡ್‌ಗಾಗಿ ವಿಲಿಯಂ ಆಲಿಸನ್ ರೂಪಿಸಿದ ವ್ಯವಸ್ಥೆ ಇವುಗಳಿಗಿಂತ ಸೊಗಸಾಗಿತ್ತು: ಪ್ರತಿ ಬದಿಯ ಮುಂಚಕ್ರವನ್ನೂ ಹಿಂಚಕ್ರವನ್ನೂ ತಿರುಚುವ ಉದ್ದದ ಕಂಬಿಯೊಂದರಿಂದ ಜೋಡಿಸಿ, ಭಾರ ಹೆಚ್ಚಾದರೆ ವಿದ್ಯುತ್ ಮೋಟಾರೊಂದು ಕಾರನ್ನು ತಾನಾಗಿ ಸಮಗೊಳಿಸುವಂತೆ ಮಾಡಿದ್ದರು. ಕಂಪನಿಯೇ ಮುಳುಗುತ್ತಿದ್ದುದರಿಂದ ಅದು ಬೆಳೆಯಲಿಲ್ಲ. ದೂರದ ಕ್ಯಾಲಿಫೋರ್ನಿಯದಲ್ಲಿ ಅದೇ ದಶಕದ ಕೊನೆಗೆ ನಡೆದ ಕಥೆ ವಿಚಿತ್ರ. ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕೆಳಗಿರಬಾರದೆಂದು ಅಲ್ಲಿ ಕಾನೂನು ಬಂದಾಗ, ರಾನ್ ಅಗೀರೆ ಎಂಬ ಯುವಕ ತನ್ನ ಕಾರ್ವೆಟ್‌ಗೆ ಹೈಡ್ರಾಲಿಕ್ ಪಂಪು ಜೋಡಿಸಿ, ಪೊಲೀಸರು ಕಂಡಾಗ ಕಾರನ್ನು ಏರಿಸುತ್ತ ಮುಂದೆ ಇಳಿಸುತ್ತ ಓಡಾಡಿದ. ಸುಖಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಎತ್ತರವನ್ನು ಓಡುವಾಗಲೇ ಬದಲಿಸಬಹುದೆಂಬ ಕಲ್ಪನೆಗೆ ಅದು ಬೀದಿಯಲ್ಲಿ ಜೀವ ಕೊಟ್ಟಿತು.

ಇಂದು ನಮ್ಮ ಮನೆಗಳ ಮುಂದೆ ನಿಂತಿರುವ ಅನೇಕ ಕಾರುಗಳಲ್ಲಿ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಷಿಕಾಗೊ ಸಮೀಪದ ಹೈಲ್ಯಾಂಡ್ ಪಾರ್ಕ್‌ನಲ್ಲಿ ಹುಟ್ಟಿದ ಅರ್ಲ್ ಮ್ಯಾಕ್‌ಫರ್ಸನ್ ಯುದ್ಧಾನಂತರ ಶೆವ್ರೊಲೆಯ ‘ಕೆಡೆಟ್’ ಎಂಬ ಸಣ್ಣ ಕಾರಿನ ಯೋಜನೆಯನ್ನು ನಡೆಸುತ್ತಿದ್ದರು. 1947ರಲ್ಲಿ ಅದು ರದ್ದಾದಾಗ ಫೋರ್ಡ್ ಸೇರಿದರು. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡನ್ನೂ ಒಂದೇ ನಿಲುಗಂಬದಲ್ಲಿ ಕೂಡಿಸಿದ ಅವರ ವಿನ್ಯಾಸ 1950ರ ಬ್ರಿಟಿಷ್ ಫೋರ್ಡ್ ಕಾನ್ಸಲ್‌ನಲ್ಲಿ ಕಾಣಿಸಿತು. ನಮ್ಮ ಮಾರುತಿ 800ರ ಮುಂಚಕ್ರಗಳಲ್ಲಿಯೂ ಅದೇ ಇತ್ತು. ಅಗ್ಗ, ಸರಳ, ಜಾಗ ಉಳಿಸುವಂಥದು. ಆದರೆ ಇದನ್ನು ಹೆಚ್ಚು ತಗ್ಗಿಸಿದರೆ ಒಂದು ತೊಡಕು. ಚಕ್ರವನ್ನು ಹಿಡಿದ ಕೆಳತೋಳು ಹೊರಗಡೆಗೆ ಮೇಲ್ಮುಖವಾಗಿ ಓರೆಯಾಗುತ್ತದೆ. ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ಕಾರಿನ ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಕಾರು ಹೆಚ್ಚು ವಾಲಲು ಹವಣಿಸುತ್ತದೆ. ತಗ್ಗಿಸಿದ್ದು ವಾಲಾಟ ಕಡಿಮೆಯಾಗಲೆಂದು, ಸಿಕ್ಕಿದ್ದು ಅದಕ್ಕೆ ವಿರುದ್ಧ. ಅದನ್ನು ತಡೆಯಲು ಇನ್ನಷ್ಟು ಗಡುಸು, ಗಡುಸಿನಿಂದ ಇನ್ನಷ್ಟು ಬೆನ್ನುನೋವು.

ಸ್ಪ್ರಿಂಗನ್ನು ಬಿಟ್ಟು ಶಾಕ್ ಅಬ್ಸಾರ್ಬರಿನ ಕಡೆಯಿಂದ ಬಂದ ಉತ್ತರ ಈ ಶತಮಾನದ್ದು, ಅದರ ಬೇರು ಮಾತ್ರ ಹಳೆಯದು. ಖಾರ್ಕಿವ್‌ನಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದ ಜೇಕಬ್ ರಬಿನೊ 1940ರ ದಶಕದ ಕೊನೆಯಲ್ಲಿ, ಸರ್ಕಾರದ ಅಳತೆ ಮಾನಕಗಳ ಸಂಸ್ಥೆಯಲ್ಲಿದ್ದಾಗ, ಎಣ್ಣೆಯಲ್ಲಿ ಕಬ್ಬಿಣದ ನುಣ್ಣನೆಯ ಪುಡಿ ಬೆರೆಸಿ ಅದರ ಸುತ್ತ ಅಯಸ್ಕಾಂತ ಕ್ಷೇತ್ರ ಹರಿಸಿದರೆ ಆ ಎಣ್ಣೆ ಕ್ಷಣದಲ್ಲಿ ಮುದ್ದೆಯಂತಾಗುತ್ತದೆ ಎಂದು ತೋರಿಸಿದರು. ಅರ್ಧ ಶತಮಾನದ ಅನಂತರ, ಜನರಲ್ ಮೋಟಾರ್ಸ್‌ನಿಂದ 1999ರಲ್ಲಿ ಬೇರ್ಪಟ್ಟು ಟ್ರಾಯ್‌ನಲ್ಲಿ ಕಚೇರಿ ಹೂಡಿದ್ದ ಡೆಲ್ಫೈ ಕಂಪನಿ ಇದನ್ನು ಶಾಕ್ ಅಬ್ಸಾರ್ಬರಿಗೆ ತುಂಬಿತು. 2002ರಲ್ಲಿ ಕ್ಯಾಡಿಲಾಕ್ ಸೆವಿಲ್, 2003ರಲ್ಲಿ ಕಾರ್ವೆಟ್. ಮ್ಯಾಗ್ನರೈಡ್ ಎಂಬ ಹೆಸರಿನಲ್ಲಿ ಅದು ಬಂದಿತು. ಅದೇ 2002ರಲ್ಲಿ ಅಕ್ಕ ವಿಶ್ವ ಕನ್ನಡ ಸಮ್ಮೇಳನಕ್ಕೆಂದು ಸಾವಿರಾರು ಕನ್ನಡಿಗರು ಡೆಟ್ರಾಯಿಟಿಗೆ ಬಂದಿದ್ದುದು ಹಲವರಿಗೆ ನೆನಪಿರಬಹುದು. ಗುಂಡಿ ಎದುರಾದರೆ ಮಿಲಿಸೆಕೆಂಡುಗಳಲ್ಲಿ ಮೃದು, ತಿರುವು ಬಂದರೆ ಅಷ್ಟೇ ಬೇಗ ಬಿಗಿ. ಡೆಟ್ರಾಯಿಟಿನ ದಕ್ಷಿಣಕ್ಕಿರುವ ಫ್ಲಾಟ್ ರಾಕ್‌ನಲ್ಲಿ ತಯಾರಾಗುವ ಮಸ್ಟಾಂಗ್ ಜಿಟಿಗೂ 2018ರಿಂದ ಇದು ದೊರೆಯಿತು. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡನ್ನೂ ಬಿಟ್ಟು ವಿದ್ಯುತ್ ಮೋಟಾರುಗಳಿಂದಲೇ ಚಕ್ರಗಳನ್ನು ಎತ್ತಿಳಿಸುವ ಯತ್ನವನ್ನು ಬಂಗಾಳಿ ಮೂಲದ ಅಮರ್ ಬೋಸ್ 1980ರಿಂದ ನಡೆಸಿ 2004ರಲ್ಲಿ ಪ್ರದರ್ಶಿಸಿದರು. ನೋಡಿದವರು ಬೆರಗಾದರು, ಭಾರ ಮತ್ತು ಬೆಲೆಗಳಿಂದಾಗಿ ಯಾವ ಕಾರೂ ಅದನ್ನು ಹೊತ್ತು ಮಾರಾಟಕ್ಕೆ ಬರಲಿಲ್ಲ.

ಇವೆಲ್ಲವನ್ನೂ ಓದಿ ಗರಾಜಿಗೆ ಹೋಗುವ ಮಕ್ಕಳಿಗೆ ನಾವು ಹೇಳುವುದಿಷ್ಟು. ಮೂರು ಸೆಂಟಿಮೀಟರಿನೊಳಗೆ ತಗ್ಗಿಸಿ, ಹೊಸ ಸ್ಪ್ರಿಂಗಿಗೆ ಹೊಂದುವ ಶಾಕ್ ಅಬ್ಸಾರ್ಬರನ್ನೂ ಜೊತೆಗೇ ಹಾಕಿಸಿದರೆ ಬಹುಪಾಲು ಕಾರುಗಳಲ್ಲಿ ಸುಖ ಉಳಿಯುತ್ತದೆ. ಮುಂದೆ ಮಾತ್ರ ಹೆಚ್ಚು ತಗ್ಗಿಸಿ, ಹೆಚ್ಚು ಗಡುಸಾಗಿಸಿದರೆ ಆಲೀ ಅವರ ಮೃದು ಮುಂಭಾಗದ ಸೂತ್ರ ಮುರಿದು ಕಾರು ಮತ್ತೆ 1920ರ ದಶಕದಂತೆ ತೂಗಾಡುತ್ತದೆ. ಟೈರನ್ನೂ ಮರೆಯಬಾರದು, ಅದೂ ಒಂದು ಸ್ಪ್ರಿಂಗ್. 205/55 ಆರ್16 ಟೈರಿನ ಬದಿಗೋಡೆಯ ಎತ್ತರ ಸುಮಾರು 113 ಮಿಲಿಮೀಟರ್. 225/40 ಆರ್18 ಆದರೆ 90. ಕಾರು ತಗ್ಗಿಸುವವರು ಸಾಮಾನ್ಯವಾಗಿ ಚಕ್ರವನ್ನೂ ಹಿಗ್ಗಿಸುತ್ತಾರೆ, ಆಮೇಲೆ ದೂರು ಮಾತ್ರ ಸ್ಪ್ರಿಂಗಿನ ಮೇಲೆ. ಮಿಶಿಗನ್ನಿನಲ್ಲಿ ಡಾಂಬರಿನ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಕರಗಿ, ಮತ್ತೆ ಹೆಪ್ಪುಗಟ್ಟಿ, ಮಾರ್ಚಿ ಏಪ್ರಿಲಿನ ಹೊತ್ತಿಗೆ ರಸ್ತೆಗಳಲ್ಲಿ ಗುಂಡಿಗಳು ತೆರೆಯುತ್ತವೆ. ಬೆಂಗಳೂರಿನ ಹಂಪುಗಳಿಗೂ ಇವಕ್ಕೂ ಸಂಧಿಸಿದ ಅನುಭವ ನಮ್ಮಷ್ಟು ಬೇರೆ ಯಾರಿಗಿದೆ?

2020ರಲ್ಲಿ ಬಂದ ಕಾರ್ವೆಟ್ ಅಡ್ಡ ಪಟ್ಟಿಯ ಸ್ಪ್ರಿಂಗನ್ನು ಕೈಬಿಟ್ಟು ಸುರುಳಿ ಸ್ಪ್ರಿಂಗಿಗೆ ಬಂದಿತು. ಅದರಲ್ಲಿ ಬೇಕೆಂದವರಿಗೆ ಇನ್ನೊಂದು ಸೌಲಭ್ಯವಿದೆ. ಗುಂಡಿಯೊಂದನ್ನು ಒತ್ತಿದರೆ ಮೂರು ಸೆಕೆಂಡಿನೊಳಗೆ ಮುಂಭಾಗ ಸುಮಾರು 40 ಮಿಲಿಮೀಟರ್ ಮೇಲೇಳುತ್ತದೆ; ಜಿಪಿಎಸ್ ನೆರವಿನಿಂದ ಅಂತಹ ಸಾವಿರ ಸ್ಥಳಗಳನ್ನು ನೆನಪಿಟ್ಟುಕೊಂಡು, ಮುಂದಿನ ಬಾರಿ ಕೇಳದೆಯೇ ಏಳುತ್ತದೆ. ಮನೆಯ ಓರೆಯಾದ ಡ್ರೈವ್‌ವೇ, ದೇವಸ್ಥಾನದ ಪಾರ್ಕಿಂಗಿನ ಅಂಚು, ಸ್ನೇಹಿತರ ಬೀದಿಯ ಹಂಪು ಎಲ್ಲವೂ ಅದರ ನೆನಪಿನಲ್ಲಿ ಹಿಡಿಸುತ್ತವೆ.